ಹೈ ಟೆನ್ಷನ್ ತಂತಿಯ ನೆರಳು

ಮನೆಯ ಪಕ್ಕದಲ್ಲಿ ಹಾಯುವ ಟವರ್ ಲೈನು ಮಕ್ಕಳಿಗೆ ರಕ್ತದ ಕ್ಯಾನ್ಸರ್ ತರುವುದೆ? ಡೆನ್ವರ್ ನಗರದ ಬೀದಿಗಳಲ್ಲಿ ಹುಟ್ಟಿದ ಈ ಸಂಶಯ ಸ್ವೀಡನ್ನಿನ ಹಳೆಯ ದಫ್ತರಗಳನ್ನು ತೆರೆಯಿಸಿತು, ಇಂಗ್ಲೆಂಡಿನ ಅರ್ಧ ಶತಮಾನದ ಜನನದಾಖಲೆಗಳನ್ನು ಶೋಧಿಸಿತು. ಪೂರ್ತಿ ಸಾಯಲೂ ಒಲ್ಲದ, ಎದ್ದು ನಿಲ್ಲಲೂ ಆಗದ ಒಂದು ಅಂಕಿಯ ವೃತ್ತಾಂತ.

2004ರ ಚಳಿಗಾಲದಲ್ಲಿ, ನೈಋತ್ಯ ಇಂಗ್ಲೆಂಡಿನ ಟಾರ್ಮಾರ್ಟನ್ ಎಂಬ ಹಳ್ಳಿಯ ಬಳಿಯ ಹೊಲವೊಂದರಲ್ಲಿ 1,301 ಟ್ಯೂಬ್‌ಲೈಟುಗಳು ನೆಲದಲ್ಲಿ ನೆಟ್ಟಗೆ ಊರಿಕೊಂಡು ಸಾಲುಸಾಲಾಗಿ ನಿಂತಿದ್ದುವು. ಅವುಗಳಿಗೆ ತಂತಿಯ ಸಂಪರ್ಕವಿರಲಿಲ್ಲ, ಗುಂಡಿಯಿರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಹಗಲಿನಲ್ಲಿ ನೋಡಿದವರಿಗೆ ಅವು ಯಾರೋ ತಂದು ನೆಟ್ಟುಹೋದ ಗಾಜಿನ ಕೋಲುಗಳಷ್ಟೆ. ಆದರೆ ಸೂರ್ಯನು ಮುಳುಗಿ ಹೊಲದ ಮೇಲೆ ಕತ್ತಲೆ ಇಳಿಯತೊಡಗಿದಂತೆ ಆ ಕೋಲುಗಳಲ್ಲಿ ನಸುಬೆಳಕು ಮೂಡಿ, ಕಡೆಗೆ ಇಡೀ ಹೊಲವೇ ಉರಿಯುತ್ತಿದೆಯೋ ಎಂಬಂತೆ ಬೆಳಗುತ್ತಿದ್ದಿತು.

ಮೇಲೆ ಹಾದುಹೋಗಿದ್ದ ಉಚ್ಚ ವಿದ್ಯುತ್ ತಂತಿಗಳು ತಮ್ಮ ಸುತ್ತಲಿನ ಆಕಾಶದಲ್ಲಿ ಹರಡಿದ್ದ ವಿದ್ಯುತ್‌ಕ್ಷೇತ್ರವೇ ಆ ದೀಪಗಳಿಗೆ ಆಹಾರ. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿ ಆಗ ಅತಿಥಿ ಕಲಾವಿದನಾಗಿದ್ದ ರಿಚರ್ಡ್ ಬಾಕ್ಸ್ ಎಂಬಾತನು ಇದನ್ನು ಏರ್ಪಡಿಸಿದ್ದನು. ನೋಡಹೋದವರು ದೀಪದ ಸಮೀಪಕ್ಕೆ ನಡೆದರೆ ಆ ದೀಪವು ಮಂಕಾಗುವುದು, ದೂರ ಸರಿದರೆ ಮತ್ತೆ ಬೆಳಗುವುದು. ಮನುಷ್ಯನ ಮೈ ಆ ಕ್ಷೇತ್ರವನ್ನು ತನ್ನತ್ತ ಬಾಗಿಸಿಕೊಂಡು ನೆಲಕ್ಕೆ ಇಳಿಸಿಬಿಡುತ್ತಿತ್ತು.

ಆ ಚಿತ್ರವು ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಗಾಜಿನ ಕೊಳವೆಯನ್ನೇ ಹೊತ್ತಿಸಬಲ್ಲ ತಂತಿಯು ಅದರಡಿಯಲ್ಲಿ ಮಲಗುವ ಮಗುವಿನ ಮೈಯನ್ನು ಸುಮ್ಮನೆ ಬಿಟ್ಟೀತೆ ಎಂಬ ಪ್ರಶ್ನೆ ಅದನ್ನು ನೋಡಿದ ಯಾರಿಗಾದರೂ ಹುಟ್ಟುವುದು ಸಹಜ. ಆದರೆ ಇಲ್ಲಿಯೇ ಒಂದು ವಿಚಿತ್ರವಿದೆ. ಆ ದೀಪಗಳನ್ನು ಬೆಳಗಿಸಿದ ಶಕ್ತಿಯ ಮೇಲೆ ವಿಜ್ಞಾನಿಗಳಿಗೆ ಅಷ್ಟಾಗಿ ಸಂಶಯವೇ ಇಲ್ಲ. ಅವರು ನಲವತ್ತು ವರ್ಷಗಳಿಂದ ಬೆನ್ನಟ್ಟಿರುವುದು ಒಂದೇ ಒಂದು ದೀಪವನ್ನೂ ಹೊತ್ತಿಸಲಾರದ ಇನ್ನೊಂದನ್ನು.

ತಂತಿಯ ಸುತ್ತ ಇರುವುದು ಎರಡು ಬಗೆಯ ಕ್ಷೇತ್ರ. ವೋಲ್ಟೇಜಿನಿಂದ ಹುಟ್ಟುವುದು ವಿದ್ಯುತ್‌ಕ್ಷೇತ್ರ: ಗೋಡೆ, ಮರ, ಮಾಡು, ಚರ್ಮ ಇವುಗಳಲ್ಲಿ ಯಾವುದಾದರೊಂದು ಅಡ್ಡ ಬಂದರೂ ಅದು ಬಹುಮಟ್ಟಿಗೆ ಅಡಗುತ್ತದೆ. ತಂತಿಯಲ್ಲಿ ಹರಿಯುವ ಪ್ರವಾಹದಿಂದ, ಎಂದರೆ ನಾವು ಕರೆಂಟು ಎನ್ನುವುದರಿಂದ, ಹುಟ್ಟುವುದು ಕಾಂತಕ್ಷೇತ್ರ: ಇದು ಇಟ್ಟಿಗೆಯನ್ನಾಗಲಿ ಮೂಳೆಯನ್ನಾಗಲಿ ಲೆಕ್ಕಿಸದೆ ಹಾದುಹೋಗುತ್ತದೆ. ಜನರು ಅಂಜುವುದು ‘ಹೈ ಟೆನ್ಷನ್’ ಎಂಬ ಒತ್ತಡಕ್ಕೆ. ಪರಿಶೋಧಕರು ಅಳೆದುದು ಹರಿವನ್ನು. ನಾಲ್ಕು ಲಕ್ಷ ವೋಲ್ಟಿನ ತಂತಿಯಲ್ಲಿ ಪ್ರವಾಹವು ಅಲ್ಪವಾಗಿದ್ದರೆ ಕಾಂತಕ್ಷೇತ್ರವೂ ಅಲ್ಪವೇ. ಬೀದಿಯ ಸಾಮಾನ್ಯ ಕಂಬದ ತಂತಿಯಲ್ಲಿ ಪ್ರವಾಹವು ಅಧಿಕವಾಗಿದ್ದರೆ ಅದರಡಿಯ ಮನೆಯಲ್ಲಿ ಕ್ಷೇತ್ರವು ಅಧಿಕವಾಗಿರಬಹುದು. ಮುಂದಿನ ಕಥೆಯ ಎಷ್ಟೋ ಗೋಜಲುಗಳ ಮೂಲವು ಇಲ್ಲಿದೆ.

ಈ ಭಯವು ಮೊದಲು ಕಾಣಿಸಿಕೊಂಡುದು ವಿದ್ಯುತ್ ಕೆಲಸಗಾರರ ನಡುವೆ. 1972ರಲ್ಲಿ ಪ್ಯಾರಿಸ್ಸಿನ ಇಂಜಿನಿಯರುಗಳ ಸಮ್ಮೇಳನವೊಂದರಲ್ಲಿ ಸೋವಿಯತ್ ತಜ್ಞರು, ತಮ್ಮ ದೇಶದ ಉಚ್ಚ ವೋಲ್ಟೇಜಿನ ಸ್ವಿಚ್‌ಯಾರ್ಡುಗಳಲ್ಲಿ ದುಡಿಯುವವರಿಗೆ ತಲೆನೋವು, ಆಯಾಸ, ನಿದ್ರಾಭಂಗಗಳು ಕಾಣಿಸಿಕೊಳ್ಳುತ್ತಿವೆಯೆಂದು ವರದಿಮಾಡಿದರು. ಇದಕ್ಕೆ ಕೆಲವು ವರ್ಷಗಳ ಮೊದಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ವೃದ್ಧ ಇಂಜಿನಿಯರು, ಜೀವಂತ ತಂತಿಯನ್ನು ಬರಿಗೈಯಿಂದ ಮುಟ್ಟಿ ಕೆಲಸಮಾಡುವ ಸುಮಾರು ಹತ್ತು ಮಂದಿ ಲೈನ್‌ಮನ್ನರನ್ನು ವರ್ಷಗಟ್ಟಲೆ ಪರೀಕ್ಷಿಸಿ, ಯಾವ ಕೆಡುಕನ್ನೂ ಕಾಣದೆ ಹೋಗಿದ್ದರು. ನಿಂತ ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಟ್ಟು ಮತ್ತೆ ನಡೆಯಿಸುವ ಯಂತ್ರವನ್ನು ಲೋಕಕ್ಕೆ ಕೊಟ್ಟವರಲ್ಲಿ ಅಗ್ರಗಣ್ಯರೂ ಇವರೇ.

ಎಪ್ಪತ್ತರ ದಶಕದ ಕೊನೆಗೆ ವಿಷಯವು ಹೊಲಗಳಿಗೆ ಇಳಿಯಿತು. ನಾರ್ತ್ ಡಕೋಟದಿಂದ ಮಿನ್ನೆಸೋಟಕ್ಕೆ ಬರುವ ನೇರಪ್ರವಾಹದ ಮಾರ್ಗವೊಂದು ತಮ್ಮ ಭೂಮಿಯ ಮೇಲೆ ಹಾಯುವುದನ್ನು ಒಪ್ಪದ ರೈತರು ರಾತ್ರಿಯ ಹೊತ್ತು ಟವರುಗಳ ಬೋಲ್ಟು ಬಿಚ್ಚಿ ಅವನ್ನು ನೆಲಕ್ಕೆ ಕೆಡವಿದರು. ಯಾರು ಮಾಡಿದರೆಂದು ಕೇಳಿದ ಅಧಿಕಾರಿಗಳಿಗೆ, ಈ ಸೀಮೆಯಲ್ಲಿ ಹೊಸದಾಗಿ ಬೋಲ್ಟು ತಿನ್ನುವ ಹುಳು ಬಂದಿದೆಯೆಂಬ ಉತ್ತರ ಸಿಕ್ಕಿತು. ಭೂಮಿ ಕಳೆದುಕೊಂಡವನ ಸಿಟ್ಟಿಗೆ ಆರೋಗ್ಯದ ಭಯವು ಜೊತೆಗೂಡುವುದನ್ನು ಅಂದಿನಿಂದ ಇಂದಿನ ವರೆಗೆ ಎಲ್ಲ ದೇಶಗಳಲ್ಲಿಯೂ ಕಾಣುತ್ತೇವೆ. ಎರಡನೆಯದು ಸುಳ್ಳಾದರೂ ಮೊದಲನೆಯದು ಸುಳ್ಳಾಗಬೇಕಾದ್ದಿಲ್ಲ.

ಡೆನ್ವರಿನ ಬೀದಿಗಳಲ್ಲಿ

ಸಂಶಯಕ್ಕೆ ಅಂಕಿಯ ಆಕಾರ ಕೊಟ್ಟವರು ನ್ಯಾನ್ಸಿ ವರ್ತೈಮರ್. ರೋಗಗಳು ಜನಸಮೂಹದಲ್ಲಿ ಹಬ್ಬುವ ಬಗೆಯನ್ನು ಲೆಕ್ಕವಿಡುವ ಶಾಸ್ತ್ರದಲ್ಲಿ ತೊಡಗಿದ್ದ ಈಕೆ, 1950ರಿಂದ 1973ರ ವರೆಗೆ ಕೊಲರಾಡೊ ಪ್ರಾಂತದ ಡೆನ್ವರ್ ಸೀಮೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ 344 ಮಕ್ಕಳ ವಿಳಾಸಗಳನ್ನು ಹಿಡಿದು, ಒಂದೊಂದೇ ಮನೆಯ ಮುಂದೆ ಕಾರು ನಿಲ್ಲಿಸಿ ಸುತ್ತ ನೋಡುತ್ತ ಹೋದರು. ಹುಡುಕುತ್ತಿದ್ದುದು ರೋಗವು ಗುಂಪುಗೂಡಿದ ಕೇರಿಗಳನ್ನು. ಕಣ್ಣಿಗೆ ಬಿದ್ದುದು ಬೇರೆ. ಸತ್ತ ಮಕ್ಕಳು ಬಾಳಿದ್ದ ಮನೆಗಳ ಬಳಿ, ಬೀದಿಯ ಕಂಬದ ಮೇಲೆ ಕುಳಿತ ಟ್ರಾನ್ಸ್‌ಫಾರ್ಮರು, ನಮ್ಮ ಹಳ್ಳಿಗರು ಟಿ.ಸಿ. ಎನ್ನುವ ಆ ಉಕ್ಕಿನ ಡಬ್ಬ, ಇರಬೇಕಾದುದಕ್ಕಿಂತ ಹೆಚ್ಚು ಬಾರಿ ಕಾಣಿಸುತ್ತಿದ್ದಂತೆ ಅವರಿಗೆ ತೋರಿತು.

ಅವರು ಎಡ್ ಲೀಪರ್ ಎಂಬ ಭೌತಶಾಸ್ತ್ರಜ್ಞನ ನೆರವು ಪಡೆದರು. ಮನೆಯ ಹತ್ತಿರದ ತಂತಿಗಳ ದಪ್ಪ, ಸಂಖ್ಯೆ, ಅಂತರ ಇವುಗಳನ್ನು ನೋಡಿ, ಅಲ್ಲಿ ಹೆಚ್ಚು ಪ್ರವಾಹ ಹರಿಯುವುದೋ ಕಡಮೆ ಹರಿಯುವುದೋ ಎಂದು ವಿಂಗಡಿಸುವ ಕ್ರಮವೊಂದನ್ನು ಇಬ್ಬರೂ ಸೇರಿ ಕಟ್ಟಿದರು. 1979ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಅವರ ಲೇಖನವು ಪ್ರಕಟವಾಯಿತು. ಹೆಚ್ಚು ಪ್ರವಾಹದ ತಂತಿಗಳ ಸಮೀಪದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ರಕ್ತದ ಕ್ಯಾನ್ಸರಿನ ಸಾವುಗಳು ಎರಡು-ಮೂರು ಪಟ್ಟು ಅಧಿಕವಾಗಿದ್ದುವೆಂಬುದು ಅದರ ಸಾರ.

ಓದುಗರು ಗಮನಿಸಬೇಕಾದುದೇನೆಂದರೆ, ಈ ಆದ್ಯ ಅಧ್ಯಯನದ ನಾಯಕನು ದಿಗಂತದಲ್ಲಿ ಕೈಚಾಚಿ ನಿಂತ ಉಕ್ಕಿನ ಟವರಲ್ಲ. ಬೀದಿಬೀದಿಯ ಮರದ ಕಂಬ. ಮನೆಗಳ ನೀರಿನ ಕೊಳಾಯಿಗಳ ಮೂಲಕ ನೆಲಕ್ಕೆ ಮರಳುವ ಪ್ರವಾಹವೂ ಕ್ಷೇತ್ರವನ್ನು ಹುಟ್ಟಿಸುವುದೆಂದು ಅವರು ಅಂದೇ ಬರೆದಿದ್ದರು. ಲೋಕವು ಇವೆಲ್ಲವನ್ನೂ ಮರೆತು, ಭಯಪಡಲು ಹೆಚ್ಚು ಯೋಗ್ಯವಾಗಿ ಕಾಣುವ ಟವರನ್ನೇ ಹಿಡಿದುಕೊಂಡಿತು.

ಅಧ್ಯಯನದಲ್ಲಿ ದೋಷಗಳೂ ಇದ್ದುವು. ಯಾವುದು ಸತ್ತ ಮಗುವಿನ ಮನೆ, ಯಾವುದು ಆರೋಗ್ಯವಂತ ಮಗುವಿನ ಮನೆಯೆಂಬುದು ತಂತಿಗಳನ್ನು ವಿಂಗಡಿಸಿದವರಿಗೆ ಮೊದಲೇ ತಿಳಿದಿತ್ತು. ಅರಿವಿಲ್ಲದೆಯೇ ಕಣ್ಣು ಒಂದು ಕಡೆಗೆ ವಾಲಲು ಇಷ್ಟೇ ಸಾಕು. ಆದುದರಿಂದ ಡೇವಿಡ್ ಸಾವಿಟ್ಜ್ ಎಂಬವರು ಅದೇ ಡೆನ್ವರಿನಲ್ಲಿ, ಮನೆಯ ಗುಟ್ಟು ತಿಳಿಯದವರಿಂದ ತಂತಿಗಳನ್ನು ವಿಂಗಡಿಸುವಂತೆ ಮಾಡಿ, ಮನೆಯೊಳಗಿನ ಕ್ಷೇತ್ರವನ್ನು ಉಪಕರಣದಿಂದಲೂ ಅಳೆಯಿಸಿ, 1988ರಲ್ಲಿ ತಮ್ಮ ಫಲಿತಾಂಶವನ್ನು ಹೊರತಂದರು. ಸಂಬಂಧವು ಮೊದಲಿನಷ್ಟು ದೊಡ್ಡದಾಗಿ ಕಾಣಲಿಲ್ಲ, ಆದರೂ ಅಳಿಯಲಿಲ್ಲ. ಇದಕ್ಕಿಂತ ಸೋಜಿಗವೆಂದರೆ, ಉಪಕರಣವು ಅಳೆದ ಕ್ಷೇತ್ರಕ್ಕಿಂತ ಬೀದಿಯಲ್ಲಿ ನಿಂತು ನೋಡಿದ ತಂತಿಯ ವಿಂಗಡಣೆಯೇ ರೋಗದೊಡನೆ ಹೆಚ್ಚು ಹೊಂದಿಕೊಂಡಿತು.

ಕಾಂತಕ್ಷೇತ್ರವೇ ಕಾರಣವಾಗಿದ್ದಲ್ಲಿ ಹಾಗೆ ಆಗಬಾರದು. ದಪ್ಪ ತಂತಿಗಳಿರುವ ಬೀದಿಗಳು ಹಳೆಯ ಬೀದಿಗಳು, ವಾಹನಗಳ ದಟ್ಟಣೆಯ ಬೀದಿಗಳು, ಬಾಡಿಗೆಯವರು ಬಂದು ಹೋಗುವ ಬೀದಿಗಳು; ತಂತಿಯ ಹೆಸರಿನಲ್ಲಿ ಇವುಗಳಲ್ಲಿ ಮತ್ತೇನೋ ಒಂದು ಲೆಕ್ಕದೊಳಗೆ ನುಸುಳಿರಬಹುದೆ? ಸಾವಿಟ್ಜ್ ಅವರೇ ಮರುವರ್ಷ ತಮ್ಮ ಅಂಕಿಗಳನ್ನು ತಿರುವಿಹಾಕಿ, ವಾಹನಸಂಚಾರಕ್ಕೂ ರೋಗಕ್ಕೂ ಒಂದು ಸಂಬಂಧ ಕಾಣುವುದೆಂದು ತೋರಿಸಿದರು. ತನ್ನ ಸಿದ್ಧಾಂತದ ಬುಡವನ್ನು ತಾನೇ ಅಗೆದು ನೋಡುವ ಈ ಗುಣವು ವಾದಪ್ರಿಯರಲ್ಲಿ ಅಪರೂಪ.

ಅಷ್ಟರಲ್ಲಿ ವಿಷಯವು ಪತ್ರಿಕೆಗಳ ಕೈಗೆ ಬಂದಿತ್ತು. 1989ರಲ್ಲಿ ಪಾಲ್ ಬ್ರೋಡರ್ ಎಂಬ ಲೇಖಕರು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದ ಲೇಖನಮಾಲೆ, ಅನಂತರ ಪುಸ್ತಕವಾಗಿ ಬಂದಾಗ, ಮಧ್ಯಮ ವರ್ಗದ ಅಮೆರಿಕವನ್ನು ಬೆಚ್ಚಿಬೀಳಿಸಿತು. ವಿದ್ಯುತ್ ಕಂಪನಿಗಳೂ ಸರ್ಕಾರವೂ ಸೇರಿ ಸತ್ಯವನ್ನು ಮುಚ್ಚುತ್ತಿವೆಯೆಂಬುದು ಅವರ ಆರೋಪ. ತಂತಿಯ ಹತ್ತಿರದ ಮನೆಗಳನ್ನು ಕೊಳ್ಳಲು ಜನ ಹಿಂದೆಗೆದರು; ವಕೀಲರು ಮುಂದೆ ಬಂದರು.

ಚೌಕಟ್ಟು: ಎಷ್ಟು ಎಂದರೆ ಎಷ್ಟು?

ಕಾಂತಕ್ಷೇತ್ರದ ಅಳತೆ ಮೈಕ್ರೊಟೆಸ್ಲಾ. ತಂತಿಗಳಿಂದ ದೂರವಿರುವ ಸಾಮಾನ್ಯ ಮನೆಯೊಳಗೆ ಇದು 0.1 ಅಥವಾ ಅದಕ್ಕಿಂತ ಕಡಮೆ. 400 ಕಿಲೋವೋಲ್ಟಿನ ತಂತಿಯ ನೇರ ಕೆಳಗೆ ಸಾಮಾನ್ಯವಾಗಿ ಕೆಲವು ಮೈಕ್ರೊಟೆಸ್ಲಾ. ದೂರ ಹೋದಂತೆ ಇದು ಬಹು ಬೇಗ ಕುಗ್ಗುತ್ತದೆ, ಏಕೆಂದರೆ ಮೂರು ತಂತಿಗಳಲ್ಲಿ ಸರದಿಯಂತೆ ಏರಿಳಿಯುವ ಪ್ರವಾಹಗಳು ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತವೆ. ನೂರು-ನೂರೈವತ್ತು ಮೀಟರಿನ ಆಚೆಗೆ ಮನೆಯ ಸಹಜ ಮಟ್ಟದಿಂದ ಅದನ್ನು ಬೇರ್ಪಡಿಸುವುದೇ ಕಷ್ಟ.

ಕೂದಲು ಒಣಗಿಸುವ ಯಂತ್ರವನ್ನು ತಲೆಗೆ ಹಿಡಿದಾಗ, ಮೂರು ಸೆಂಟಿಮೀಟರಿನ ಅಂತರದಲ್ಲಿ, 6ರಿಂದ 2,000 ಮೈಕ್ರೊಟೆಸ್ಲಾ ವರೆಗೆ ಅಳತೆ ಸಿಕ್ಕಿದೆ. ಆದರೆ ಅದು ಕ್ಷಣಿಕ. ತಂತಿಯದು ಹಗಲಿರುಳಿನ ಸಹವಾಸ. ಭೂಮಿಯದೇ ಕಾಂತಕ್ಷೇತ್ರವು 25ರಿಂದ 65 ಮೈಕ್ರೊಟೆಸ್ಲಾ. ಅದು ಸ್ಥಿರ, ತಂತಿಯದು ಸೆಕೆಂಡಿಗೆ ಐವತ್ತು ಬಾರಿ ಆಂದೋಳಿಸುವಂಥದು. ಸಾರ್ವಜನಿಕರಿಗೆ 50 ಹರ್ಟ್ಸಿನಲ್ಲಿ ಅಯಾನೀಕರಿಸದ ವಿಕಿರಣದಿಂದ ರಕ್ಷಣೆಯ ಅಂತಾರಾಷ್ಟ್ರೀಯ ಆಯೋಗವು 1998ರಲ್ಲಿ ವಿಧಿಸಿದ ಮಿತಿ 100 ಮೈಕ್ರೊಟೆಸ್ಲಾ. 2010ರಲ್ಲಿ ಅದನ್ನು 200ಕ್ಕೆ ಏರಿಸಿತು. ನರಗಳ ಮೇಲೆ ತತ್‌ಕ್ಷಣ ಆಗುವ ಪರಿಣಾಮಕ್ಕೆ ಆ ಮಿತಿ. ವರ್ಷಗಳ ಮೇಲೆ ಬರಬಹುದಾದ ಕ್ಯಾನ್ಸರಿಗಲ್ಲ.

ಸ್ವೀಡನ್ನಿನ ದಫ್ತರ

ಸ್ವೀಡನ್ ದೇಶದಲ್ಲಿ ಯಾರು ಎಂದು ಎಲ್ಲಿ ವಾಸಿಸಿದರು, ಯಾರಿಗೆ ಯಾವ ಕ್ಯಾನ್ಸರು ಬಂದಿತು, ಯಾವ ಮಾರ್ಗದಲ್ಲಿ ಯಾವ ವರ್ಷ ಎಷ್ಟು ವಿದ್ಯುತ್ತು ಹರಿಯಿತು ಎಂಬುದೆಲ್ಲವೂ ದಾಖಲೆಯಲ್ಲಿರುತ್ತದೆ. ಕರೋಲಿನ್‌ಸ್ಕಾ ಸಂಸ್ಥೆಯ ಮರಿಯಾ ಫೆಯ್ಕ್‌ಟಿಂಗ್ ಮತ್ತು ಆಂಡರ್ಸ್ ಆಲ್‌ಬೊಮ್ ಇದರ ಪ್ರಯೋಜನ ಪಡೆದು, 1960ರಿಂದ 1985ರ ವರೆಗೆ 220 ಮತ್ತು 400 ಕಿಲೋವೋಲ್ಟಿನ ತಂತಿಗಳಿಂದ 300 ಮೀಟರಿನ ಒಳಗೆ ನೆಲಸಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಲೆಕ್ಕಕ್ಕೆ ತೆಗೆದುಕೊಂಡರು. ಯಾರ ಮನೆಯ ಬಾಗಿಲನ್ನೂ ತಟ್ಟಿ ಅನುಮತಿ ಕೇಳಬೇಕಾಗಿರಲಿಲ್ಲ. ಆದುದರಿಂದ ಒಪ್ಪಿದವರು ಒಂದು ಬಗೆ, ಒಪ್ಪದವರು ಇನ್ನೊಂದು ಬಗೆ ಎಂಬ ಪಕ್ಷಪಾತಕ್ಕೆ ಎಡೆಯಿರಲಿಲ್ಲ.

1992ರಲ್ಲಿ ಬಂದ ಅವರ ಫಲಿತಾಂಶವು ನಿಜವಾದ ಟವರ್ ಲೈನುಗಳ ಮೇಲೆಯೇ ಬೆರಳಿಟ್ಟಿತು. ರೋಗ ಪತ್ತೆಯಾದ ಕಾಲದಲ್ಲಿ ತಂತಿಯಲ್ಲಿ ಹರಿಯುತ್ತಿದ್ದ ಪ್ರವಾಹದಿಂದ ಲೆಕ್ಕಹಾಕಿದ ಕ್ಷೇತ್ರವು 0.2 ಮೈಕ್ರೊಟೆಸ್ಲಾವನ್ನು ಮೀರಿದ್ದ ಮನೆಗಳಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿನ ಸಂಭವವು 2.7 ಪಟ್ಟು, 0.3ನ್ನು ಮೀರಿದಲ್ಲಿ 3.8 ಪಟ್ಟು. ಕ್ಷೇತ್ರವು ಏರಿದಂತೆ ಅಪಾಯವೂ ಏರುವ ಈ ಮೆಟ್ಟಿಲು ಕಾರ್ಯಕಾರಣ ಸಂಬಂಧದ ಒಂದು ಲಕ್ಷಣವೆಂದು ಶಾಸ್ತ್ರವೇ ಹೇಳುತ್ತದೆ.

ಆದರೆ ನಾಲ್ಕು ಲಕ್ಷ ಜನರ ಜರಡಿಯಲ್ಲಿ ಕಡೆಗೆ ಉಳಿದ ಕಾಳುಗಳೆಷ್ಟು? ರಕ್ತದ ಕ್ಯಾನ್ಸರಿಗೆ ಒಳಗಾದ ಒಟ್ಟು ಮಕ್ಕಳು 39. ಅವರಲ್ಲಿ ಅಧಿಕ ಕ್ಷೇತ್ರದ ಮನೆಗಳಲ್ಲಿದ್ದವರು 7. ಇನ್ನೆರಡು ಕುಟುಂಬಗಳು ಬೇರೆ ಬೀದಿಯಲ್ಲಿ ಮನೆಮಾಡಿದ್ದಲ್ಲಿ ಆ ಮೆಟ್ಟಿಲಿನ ಎತ್ತರವೇ ಬೇರೆಯಾಗುತ್ತಿತ್ತು. ಮಕ್ಕಳ ರಕ್ತದ ಕ್ಯಾನ್ಸರು ಅಷ್ಟು ವಿರಳ, ಬಲವಾದ ಕ್ಷೇತ್ರದ ಮನೆಯೂ ಅಷ್ಟೇ ವಿರಳ. ಎರಡು ವಿರಳಗಳು ಸಂಧಿಸುವ ಜಾಗದಲ್ಲಿ ಸಂಖ್ಯಾಶಾಸ್ತ್ರಕ್ಕೆ ಕಾಲೂರಲು ನೆಲವಿರುವುದಿಲ್ಲ.

ಹಿಮ್ಮುಖ

ಇತ್ತ ಭೌತಶಾಸ್ತ್ರಜ್ಞರು ಮೊದಲಿನಿಂದಲೂ ತಲೆಯಾಡಿಸುತ್ತಲೇ ಇದ್ದರು. ಯೇಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಅಡೇರ್ 1991ರಲ್ಲಿ ಗಣಿತದ ಮೂಲಕ ತೋರಿಸಿದ್ದೇನೆಂದರೆ, ಇಂಥ ಕ್ಷೇತ್ರವು ಜೀವಕೋಶದಲ್ಲಿ ಉಂಟುಮಾಡುವ ಕದಲಿಕೆಯು, ಮೈಯ ಶಾಖದಿಂದಲೇ ಅಣುಗಳಲ್ಲಿ ಎಡೆಬಿಡದೆ ನಡೆಯುವ ತಳಮಳದ ಮುಂದೆ ಏನೇನೂ ಅಲ್ಲ. ಕ್ಷಕಿರಣದಂತೆ ವಂಶವಾಹಿಯ ಬಂಧಗಳನ್ನು ಕಡಿಯುವ ಶಕ್ತಿ ಇದಕ್ಕಿಲ್ಲ. ತರಂಗವು ಉದ್ದವಾದಷ್ಟೂ ಶಕ್ತಿ ಕಡಮೆ; ಇದರ ತರಂಗದ ಉದ್ದವೇ 6,000 ಕಿಲೋಮೀಟರು. ನಿದ್ರೆಯ ಹಾರ್ಮೋನಾದ ಮೆಲಟೋನಿನ್ ಕುಗ್ಗುವುದೆಂದು ಕೆಲವರು ಊಹಿಸಿದರು. ತಂತಿಯಿಂದ ಸಿಡಿಯುವ ವಿದ್ಯುದಾವಿಷ್ಟ ಕಣಗಳು ಗಾಳಿಯ ಮಾಲಿನ್ಯಕ್ಕೆ ಅಂಟಿ ಶ್ವಾಸಕೋಶವನ್ನು ಸೇರುವುವೆಂದು ಬ್ರಿಸ್ಟಲಿನ ಡೆನಿಸ್ ಹೆನ್‌ಷಾ ವಾದಿಸಿದರು. ಯಾವುದೂ ಪ್ರಯೋಗದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ.

ಒಂದು ಪ್ರಯೋಗವಂತೂ ಕೆಟ್ಟ ರೀತಿಯಲ್ಲಿ ಬಿದ್ದಿತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ರಾಬರ್ಟ್ ಲಿಬರ್ಡಿ 1992ರಲ್ಲಿ ಪ್ರಕಟಿಸಿದ ಎರಡು ಲೇಖನಗಳು, ಕ್ಷೇತ್ರವು ಜೀವಕೋಶದ ಕ್ಯಾಲ್ಸಿಯಮ್ಮನ್ನು ಏರುಪೇರುಮಾಡುವುದೆಂದು ಹೇಳಿ ಹೆಸರಾಗಿದ್ದುವು. ತಮಗೆ ಒಗ್ಗದ ಅಂಕಿಗಳನ್ನು ಅವರು ಬಿಟ್ಟುಬಿಟ್ಟಿದ್ದರೆಂದು 1999ರಲ್ಲಿ ಅಮೆರಿಕದ ಸಂಶೋಧನಾ ನಿಷ್ಠೆಯ ಕಚೇರಿಯು ತೀರ್ಪಿತ್ತಿತು.

1996ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಅಲ್ಲಿಯ ವರೆಗಿನ ನೂರಾರು ಅಧ್ಯಯನಗಳನ್ನು ಪರಿಶೀಲಿಸಿ, ಮನೆಗಳಲ್ಲಿನ ಕ್ಷೇತ್ರವು ಆರೋಗ್ಯಕ್ಕೆ ಹಾನಿಕರವೆಂಬುದಕ್ಕೆ ನಿರ್ಣಾಯಕವಾದ ಪ್ರಮಾಣವಿಲ್ಲವೆಂದಿತು. ಮರುವರ್ಷ ಮಾರ್ತಾ ಲಿನೆಟ್ ಮತ್ತು ಸಂಗಡಿಗರು ರೋಗಗ್ರಸ್ತರಾದ 638 ಮಕ್ಕಳನ್ನೂ ಅಷ್ಟೇ ಪ್ರಮಾಣದ ಆರೋಗ್ಯವಂತರನ್ನೂ ಹೋಲಿಸಿ, ತಂತಿಯ ವಿಂಗಡಣೆಗೂ ರೋಗಕ್ಕೂ ಯಾವ ನಂಟನ್ನೂ ಕಾಣಲಿಲ್ಲ. ಅದನ್ನು ಅಚ್ಚುಮಾಡಿದ ವೈದ್ಯಪತ್ರಿಕೆಯು ಜೊತೆಯ ಸಂಪಾದಕೀಯದಲ್ಲಿ, ಇನ್ನು ಈ ದಾರಿಯಲ್ಲಿ ಹಣ ಸುರಿಯುವುದು ಸಾಕೆಂದು ಹೇಳಿಬಿಟ್ಟಿತು. ಅಮೆರಿಕದ ಪತ್ರಿಕೆಗಳ ಮಟ್ಟಿಗೆ ಕಥೆ ಮುಗಿಯಿತು.

ಮುಗಿಯಲಿಲ್ಲ. 2000ದಲ್ಲಿ ಆಲ್‌ಬೊಮ್ ಮತ್ತಿತರರು ಒಂಬತ್ತು ಅಧ್ಯಯನಗಳ ಮೂಲ ಅಂಕಿಗಳನ್ನೇ ಒಟ್ಟುಗೂಡಿಸಿದರು: ರಕ್ತದ ಕ್ಯಾನ್ಸರಿನ 3,247 ಮಕ್ಕಳು, ಹೋಲಿಕೆಗೆ 10,400 ಮಕ್ಕಳು. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಕ್ಕಳ ಮನೆಗಳಲ್ಲಿ ಕ್ಷೇತ್ರವು 0.4 ಮೈಕ್ರೊಟೆಸ್ಲಾಕ್ಕಿಂತ ಕಡಮೆ. ಅವರಲ್ಲಿ ಯಾವ ಹೆಚ್ಚಳವೂ ಇಲ್ಲ. 0.4ರಿಂದ ಮೇಲಿದ್ದ ಅಲ್ಪಸಂಖ್ಯಾತರಲ್ಲಿ ಮಾತ್ರ, ಸುಮಾರು 24 ಮಕ್ಕಳು ರೋಗಿಗಳಾಗಿರಬೇಕಾದಲ್ಲಿ 44 ಮಂದಿಯಿದ್ದರು. ಎರಡು ಪಟ್ಟು. ಕೇವಲ ಆಕಸ್ಮಿಕವೆಂದು ತಳ್ಳಿಹಾಕಲು ಈ ಅಂಕಿಯು ಬಿಡಲಿಲ್ಲ. ಅಧ್ಯಯನಕ್ಕೆ ಒಪ್ಪಿ ಬಂದ ಆರೋಗ್ಯವಂತ ಕುಟುಂಬಗಳು ಸ್ವಲ್ಪ ಅನುಕೂಲಸ್ಥರಾಗಿದ್ದು, ಆ ಕಾರಣದಿಂದ ತಂತಿಗಳಿಂದ ದೂರವಿದ್ದವರಾಗಿದ್ದರೆ ಇದರಲ್ಲಿ ಒಂದಂಶವು ಕರಗೀತು. ಎಷ್ಟಂಶ ಎಂಬುದನ್ನು ಲೇಖಕರು ನಿರ್ಧರಿಸಲಿಲ್ಲ.

ಚೌಕಟ್ಟು: ‘2ಬಿ’ ಎಂಬ ಕೊಠಡಿ

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ವಿದ್ಯುತ್ ತಂತಿಗಳ ಕಾಂತಕ್ಷೇತ್ರವನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿದೆ’ ಎಂಬ 2ಬಿ ವರ್ಗದಲ್ಲಿ ಇರಿಸಿತು. ವಿದ್ಯುತ್‌ಕ್ಷೇತ್ರವನ್ನು, ಎಂದರೆ ಆ ಹೊಲದ ದೀಪಗಳನ್ನು ಬೆಳಗಿಸಿದುದನ್ನು, ಯಾವ ವರ್ಗಕ್ಕೂ ಸೇರಿಸಲಾಗದೆಂದು ಬದಿಗಿಟ್ಟಿತು.

2ಬಿ ಎಂದರೆ ಸಂಶಯವಿದೆ, ಪ್ರಮಾಣ ಸಾಲದು ಎಂದರ್ಥ. ಅದೇ ಕೊಠಡಿಯಲ್ಲಿ 2016ರ ವರೆಗೆ ಕಾಫಿಯೂ ಕುಳಿತಿತ್ತು. ಏಷ್ಯದ ಕೆಲವು ನಾಡುಗಳ ಸಾಂಪ್ರದಾಯಿಕ ಉಪ್ಪಿನಕಾಯಿ ಈಗಲೂ ಕುಳಿತಿದೆ. ನಮ್ಮ ಮಾವಿನಮಿಡಿಯ ಮೇಲೆ ಆರೋಪವಿಲ್ಲ, ಓದುಗರು ಗಾಬರಿಪಡಬೇಕಾದ್ದಿಲ್ಲ.

ಇಂಗ್ಲೆಂಡಿನ ಒಗಟು

ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ತೋರುವ ಅಧ್ಯಾಯವು ಆಕ್ಸ್‌ಫರ್ಡಿನದು. ಅಲ್ಲಿನ ಜೆರಾಲ್ಡ್ ಡ್ರೇಪರ್ ಮತ್ತು ಸಂಗಡಿಗರು, 1962ರಿಂದ 1995ರ ವರೆಗೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹುಟ್ಟಿ ಕ್ಯಾನ್ಸರಿಗೆ ಒಳಗಾದ 29,081 ಮಕ್ಕಳ ಜನನಕಾಲದ ವಿಳಾಸಗಳಿಂದ ಹತ್ತಿರದ ಉಚ್ಚ ವೋಲ್ಟೇಜಿನ ತಂತಿಗೆ ಎಷ್ಟು ದೂರವೆಂಬುದನ್ನು ನಕ್ಷೆಯಲ್ಲಿ ಅಳೆದರು. ಈ ಮಕ್ಕಳಲ್ಲಿ ಸುಮಾರು 9,700 ಮಂದಿಗೆ ಇದ್ದುದು ರಕ್ತದ ಕ್ಯಾನ್ಸರು.

2005ರಲ್ಲಿ ಬಂದ ಫಲಿತಾಂಶ ಹೀಗಿತ್ತು. ತಂತಿಯಿಂದ 200 ಮೀಟರಿನೊಳಗೆ ಹುಟ್ಟಿದ ಮಕ್ಕಳಲ್ಲಿ ರಕ್ತದ ಕ್ಯಾನ್ಸರಿನ ಸಂಭವವು, 600 ಮೀಟರಿನಾಚೆಯವರಿಗಿಂತ ನೂರಕ್ಕೆ 69ರಷ್ಟು ಅಧಿಕ. 200ರಿಂದ 600 ಮೀಟರಿನ ನಡುವೆ ಹುಟ್ಟಿದವರಲ್ಲಿ ನೂರಕ್ಕೆ 23ರಷ್ಟು ಅಧಿಕ. ಮೊದಲನೆಯ ಅಂಕಿಯನ್ನು ಪತ್ರಿಕೆಗಳು ಶಿರೋನಾಮೆಯಾಗಿಸಿದುವು. ಎರಡನೆಯದು ವಿಜ್ಞಾನಿಗಳನ್ನು ತಬ್ಬಿಬ್ಬು ಮಾಡಿತು. ಏಕೆಂದರೆ ಐನೂರು ಮೀಟರು ದೂರದಲ್ಲಿ ತಂತಿಯ ಕಾಂತಕ್ಷೇತ್ರವೇ ಇರುವುದಿಲ್ಲ. ಮನೆಯ ಫ್ರಿಜ್ಜಿನದು ಅದಕ್ಕಿಂತ ಹೆಚ್ಚು. ಇಲ್ಲದ ಕಾರಣವು ಕಾರ್ಯವನ್ನು ಉಂಟುಮಾಡಿತೆಂದು ಹೇಳುವುದು ಹೇಗೆ? ಒಂದು ವೇಳೆ ಅಂಕಿಗಳು ನಿಜವೇ ಆದರೂ, ವರ್ಷಕ್ಕೆ ಸುಮಾರು 400 ಮಕ್ಕಳಿಗೆ ಬರುವ ಈ ರೋಗದಲ್ಲಿ ತಂತಿಯ ಪಾಲು 5 ಮಾತ್ರವೆಂದು ಲೇಖಕರು ಲೆಕ್ಕಹಾಕಿ, ಇದು ಕಾಂತಕ್ಷೇತ್ರದ ಕೆಲಸವೆಂದು ತಮಗೆ ನಂಬಿಕೆ ಬಂದಿಲ್ಲವೆಂಬುದನ್ನೂ ಮರೆಮಾಚದೆ ಬರೆದರು.

ಒಂಬತ್ತು ವರ್ಷಗಳ ತರುವಾಯ ಅದೇ ತಂಡವು ದಾಖಲೆಯನ್ನು 2008ರ ವರೆಗೆ ವಿಸ್ತರಿಸಿ, ದಶಕ ದಶಕವಾಗಿ ಬಿಡಿಸಿ ನೋಡಿತು. ಆಗ ಕಂಡುದೇ ಬೇರೆ. ಅರವತ್ತರ ದಶಕದಲ್ಲಿ ತಂತಿಯ ಬಳಿ ಹುಟ್ಟಿದವರಲ್ಲಿ ಅಪಾಯವು 4.5 ಪಟ್ಟು, ಆ ಬಳಿಕ ಇಳಿಯುತ್ತ ಇಳಿಯುತ್ತ ಬಂದು, ಎಂಬತ್ತರ ದಶಕದಿಂದೀಚೆಗೆ ಹೆಚ್ಚಳವೇ ಮಾಯ, ಹೊಸ ಶತಮಾನದಲ್ಲಿ ಹುಟ್ಟಿದವರಲ್ಲಿ 0.71, ಎಂದರೆ ತಂತಿಯ ಹತ್ತಿರದವರೇ ತುಸು ಕ್ಷೇಮ. ತಂತಿಗಳು ಅಲ್ಲಿಯೇ ಇವೆ, ವಿದ್ಯುತ್ತೂ ಹರಿಯುತ್ತಲೇ ಇದೆ. ಭೌತಶಾಸ್ತ್ರದ ನಿಯಮವು ದಶಕಕ್ಕೊಮ್ಮೆ ಬದಲಾಗುವುದಿಲ್ಲ. ಬದಲಾದುದು ಆ ತಂತಿಗಳ ಕೆಳಗೆ ಬಾಳಿದ ಜನ, ಅವರ ಮನೆ, ಅವರ ಸ್ಥಿತಿಗತಿ ಇರಬೇಕು. ಆ ಕಾಲದ ಹೆಚ್ಚಳಕ್ಕೆ ಕಾರಣವೇನೆಂಬುದು ಒಗಟಾಗಿಯೇ ಉಳಿದಿದೆ. ಬೇರೆ ಬೇರೆ ದೇಶಗಳ ಈಚಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಆಲ್‌ಬೊಮ್ ಕಂಡ ಎರಡು ಪಟ್ಟಿನ ಹೆಚ್ಚಳವು ಮತ್ತೆ ಕಾಣಿಸಿಕೊಂಡಿಲ್ಲ.

ನನ್ನ ಅಭಿಪ್ರಾಯವನ್ನು ಕೇಳಿದರೆ, ಹೆಣ್ಣುಗಂಡು ಭೇದವಿಲ್ಲದೆ ಮಕ್ಕಳನ್ನು ಕೊಲ್ಲುವ ಶತ್ರುವು ಟವರಿನಲ್ಲಿ ಅಡಗಿ ಕುಳಿತಿಲ್ಲವೆಂದು ಧೈರ್ಯವಾಗಿ ಹೇಳುವೆನು, 0.4ರ ಮೇಲಿನ ಆ ಒಂದು ತುಣುಕಿನಲ್ಲಿ ಏನೂ ಇಲ್ಲವೆಂದು ಅಷ್ಟೇ ಧೈರ್ಯವಾಗಿ ಹೇಳಲಾರೆನು.

ಸರ್ಕಾರಗಳೂ ಈ ತುಣುಕಿನ ಮುಂದೆ ನಾನಾ ವಿಧವಾಗಿ ನಡೆದುಕೊಂಡಿವೆ. ಸ್ವಿಟ್ಜರ್ಲೆಂಡು 2000ದಿಂದ ಹೊಸ ಮಾರ್ಗಗಳಿಗೆ, ಜನರು ಬಹುಕಾಲ ತಂಗುವ ಜಾಗಗಳಲ್ಲಿ, 1 ಮೈಕ್ರೊಟೆಸ್ಲಾದ ಮಿತಿಯನ್ನಿಟ್ಟಿತು. ನೆದರ್‌ಲೆಂಡ್ಸ್ 2005ರಲ್ಲಿ, 0.4ನ್ನು ಮೀರುವ ಪಟ್ಟಿಯಲ್ಲಿ ಹೊಸದಾಗಿ ಶಾಲೆ ಮನೆಗಳನ್ನು ಕಟ್ಟದಿರುವುದು ಲೇಸೆಂದು ಪುರಸಭೆಗಳಿಗೆ ಸಲಹೆಯಿತ್ತಿತು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ, ಅಗ್ಗವಾಗಿ ಆಗುವುದಾದರೆ ಕ್ಷೇತ್ರವನ್ನು ತಗ್ಗಿಸಿರಿ, ಆದರೆ ಇಷ್ಟು ದುರ್ಬಲವಾದ ಪ್ರಮಾಣದ ಮೇಲೆ ಮನಬಂದ ಕಟ್ಟುನಿಟ್ಟಿನ ಮಿತಿಗಳನ್ನು ಹೇರಬೇಡಿರಿ ಎಂದಿತು. ಖರ್ಚು ಕಡಮೆಯಾದಲ್ಲಿ ದೂರವಿರು ಎಂಬ ಈ ‘ವಿವೇಕದ ವರ್ಜನೆ’ಯನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಗ್ರ್ಯಾಂಜರ್ ಮಾರ್ಗನ್ 1989ರಷ್ಟು ಹಿಂದೆಯೇ ಸೂಚಿಸಿದ್ದರು, ಅನಂತರ ಬಂದವರು ಅದಕ್ಕೆ ಸೇರಿಸಿದುದು ಅಲ್ಪ.

ಚೌಕಟ್ಟು: ನಮ್ಮ ಸೀಮೆಯ ತಂತಿ

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಂದಿನ ಲೋಕದ ಅತ್ಯಂತ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ಅದರ ವೋಲ್ಟೇಜು 35,000. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ನೇರಪ್ರವಾಹದ ಮಾರ್ಗವು 5,00,000 ವೋಲ್ಟಿನದು. 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲದೊಡನೆ ಬೆಸೆದ ರಾಯಚೂರು–ಸೊಲ್ಲಾಪುರ ಮಾರ್ಗವು 7,65,000 ವೋಲ್ಟಿನದು.

ನಮ್ಮಲ್ಲಿ ತಂತಿಗೂ ಮನೆಗೂ ನಡುವೆ ಇರಬೇಕಾದ ಅಂತರವು ಕ್ಯಾನ್ಸರಿನ ಲೆಕ್ಕದಿಂದ ಬಂದುದಲ್ಲ. 220 ಕಿಲೋವೋಲ್ಟಿನ ಮಾರ್ಗಕ್ಕೆ 35 ಮೀಟರು, 400 ಕಿಲೋವೋಲ್ಟಿನದಕ್ಕೆ 52 ಮೀಟರು ಅಗಲದ ಪಟ್ಟಿಯೆಂಬ ರೂಢಿಯ ಪ್ರಮಾಣಗಳು ಹುಟ್ಟಿದುದು, ಗಾಳಿಗೆ ತೂಗಾಡುವ ತಂತಿಯು ಯಾವುದನ್ನೂ ತಾಕದಿರಲೆಂಬ ಕಾರಣದಿಂದ. ಆದರೆ ಆ ಪಟ್ಟಿಯನ್ನು ಪಾಲಿಸುವುದೇ ಅಪೂರ್ವವಾಗುತ್ತಿದೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಟವರ್ ಲೈನಿನ ಅಡಿಯ ಸೈಟು ಅಗ್ಗವೆಂದು ಕೊಂಡವರು, ಕ್ಯಾನ್ಸರಿನ ಭಯವನ್ನು ಪಕ್ಕದವರೊಡನೆ ಹಂಚಿಕೊಳ್ಳುತ್ತ, ಮಾಳಿಗೆಯ ಮೇಲೆ ಮಾಳಿಗೆಯನ್ನೇರಿಸಿ ತಂತಿಗೆ ಹತ್ತಿರವಾಗುತ್ತ ಹೋಗುವ ವಿನೋದವನ್ನು ಯಾರು ಬೇಕಾದರೂ ನೋಡಬಹುದು. ಆ ಮಾಳಿಗೆಯಲ್ಲಿ ಗಾಳಿಪಟದ ದಾರವೋ ಬಟ್ಟೆ ಒಣಹಾಕುವ ಕಬ್ಬಿಣದ ಕೋಲೋ ತಂತಿಯ ಬಳಿ ಸಾರಿದರೆ, ಕೊಲ್ಲುವುದು ಕಾಂತಕ್ಷೇತ್ರವಲ್ಲ. ಅಲ್ಲಿಗೆ ಯಾವ ಸಂಖ್ಯಾಶಾಸ್ತ್ರವೂ ಬೇಕಾಗುವುದಿಲ್ಲ. ಭಾರತದಲ್ಲಿ ವಿದ್ಯುದಾಘಾತದಿಂದ ಸಾಯುವವರು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ಜೋತುಬಿದ್ದ ಕೆಳಮಟ್ಟದ ತಂತಿಗೆ, ಹರಿದುಬಿದ್ದ ತಂತಿಗೆ, ಹೊಲದ ಪಂಪಿನ ಹಳೆಯ ತಂತಿಗೆ ಬಲಿಯಾದವರು.

ಸೈಟು ಕೊಳ್ಳುವವರಿಗೆ ಉತ್ತರ ಬೇಕಾದಲ್ಲಿ ಇಷ್ಟು ಹೇಳಬಹುದು. ಪಟ್ಟಿಯ ಒಳಗೆ ಮನೆ ಕಟ್ಟುವುದು ನಿಯಮಕ್ಕೂ ಪ್ರಾಣಕ್ಕೂ ವಿರುದ್ಧ. ಪಟ್ಟಿಯ ಅಂಚಿನಲ್ಲಿ ಕ್ಷೇತ್ರವು 0.4ನ್ನು ಮೀರಿರುವ ಸಾಧ್ಯತೆಯುಂಟು. ಮಕ್ಕಳು ಮಲಗುವ ಕೋಣೆಯನ್ನು ಆಚೆ ಬದಿಗೆ ಇಟ್ಟುಕೊಳ್ಳುವುದಕ್ಕೆ ಹಣ ತಗಲುವುದಿಲ್ಲ. ನೂರೈವತ್ತು ಮೀಟರಿನಾಚೆ ಬೆಲೆ ತಗ್ಗಿಸಿ ಕೊಡುವವರಿದ್ದರೆ, ಆ ಅಗ್ಗಕ್ಕೆ ಕಾರಣ ಕಾಂತಕ್ಷೇತ್ರವಲ್ಲ, ಕೊಳ್ಳುವವರ ಅಳುಕು.

ಇನ್ನು ತಂತಿಗಳನ್ನೆಲ್ಲ ನೆಲದಡಿಗೆ ಇಳಿಸಿದರೆ ಸರಿಹೋಗುವುದೆಂದು ಬೇಡಿಕೆಯಿಡುವವರುಂಟು. ಕಣ್ಣಿಗೆ ಅದು ಒಳ್ಳೆಯದು, ಗಾಳಿಮಳೆಗೂ ಒಳ್ಳೆಯದು. ಮಣ್ಣು ಮತ್ತು ಹೊದಿಕೆಗಳು ವಿದ್ಯುತ್‌ಕ್ಷೇತ್ರವನ್ನು ಪೂರ್ತಿಯಾಗಿ ನುಂಗಿಬಿಡುವುದರಿಂದ ಬಾಕ್ಸ್ ಮಹಾಶಯನ ದೀಪಗಳು ಅಲ್ಲಿ ಹೊತ್ತಲಾರವು. ಆದರೆ ಟವರಿನ ಮೇಲೆ ಹತ್ತಾರು ಮೀಟರು ಎತ್ತರದಲ್ಲಿದ್ದ ಪ್ರವಾಹವು ಈಗ ಪಾದದಿಂದ ಒಂದು ಮೀಟರು ಕೆಳಗೆ ಹರಿಯುತ್ತದೆ. ಕೇಬಲಿನ ನೇರ ಮೇಲೆ ನಿಂತವನಿಗೆ ತಾಕುವ ಕಾಂತಕ್ಷೇತ್ರವು ಟವರಿನ ಕೆಳಗೆ ನಿಂತವನದಕ್ಕಿಂತ ಹೆಚ್ಚೇ ಇರುವುದುಂಟು. ಹತ್ತು ಹೆಜ್ಜೆ ಸರಿದರೆ ಮಾತ್ರ ಅದು ತಟ್ಟನೆ ಇಳಿದುಹೋಗುತ್ತದೆ. ಕಾಲುದಾರಿಯ ಹಾಸುಗಲ್ಲಿನ ಕೆಳಗೆ ಅಂಥ ಕೇಬಲುಗಳು ಹಾದುಹೋಗಿರುವ ನಗರಗಳಲ್ಲಿ, ಅವುಗಳ ಬಗೆಗೆ ಯಾರೂ ಮೆರವಣಿಗೆ ತೆಗೆದುದನ್ನು ನಾನು ಕೇಳಿಲ್ಲ.